ಮಂಗಳೂರು–ಉಡುಪಿಯಲ್ಲಿ ದೊಡ್ಡ ಐಟಿ ಕಂಪೆನಿಯ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಕಾಲೇಜುಗಳಿಂದ ನೇರ ದೊಡ್ಡ ಕಂಪೆನಿಗೆ ಸೇರುವವರು, ಬೆಂಗಳೂರಿನಿಂದ ಊರಿಗೆ ವರ್ಗ ಕೇಳುವವರು ಮತ್ತು ಅವರ ಮನೆಯವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ಕಂಪೆನಿಯಿಂದ ಕಂಪೆನಿಗೆ ನಿಯಮ ಬದಲಾಗುತ್ತದೆ. ಆದರೆ ಕೆಲಸ ನಡೆಯುವ ಕ್ರಮ, ಸಂಬಳದ ಲೆಕ್ಕ, ಕಾನೂನು ಕೊಟ್ಟ ಹಕ್ಕು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ.

ಕಂಪೆನಿಯ ಕಲ್ಚರ್ ಹೇಗಿದೆ ಎಂದು ಸೇರುವ ಮೊದಲೇ ತಿಳಿಯಬಹುದೇ?

ಕಂಪೆನಿಯದ್ದು ತಿಳಿದು ದೊಡ್ಡ ಪ್ರಯೋಜನವಿಲ್ಲ, ಪ್ರಾಜೆಕ್ಟಿನದ್ದು ತಿಳಿಯಬೇಕು. ಸಾವಿರಾರು ಜನರಿರುವ ಕಂಪೆನಿಯಲ್ಲಿ ನಿಮ್ಮ ದಿನ ಹೇಗಿರುತ್ತದೆ ಎನ್ನುವುದನ್ನು ನಿರ್ಧರಿಸುವುದು ಮೂರೇ: ಗ್ರಾಹಕ ಯಾವ ದೇಶದವನು, ನಿಮ್ಮ ನೇರ ಮ್ಯಾನೇಜರ್ ಯಾರು, ಕೆಲಸ ಹೊಸದನ್ನು ಕಟ್ಟುವುದೋ ಅಥವಾ ಹಳೆಯದನ್ನು ಕಾಯುವುದೋ. ಒಂದೇ ಕಟ್ಟಡದಲ್ಲಿ ಯುರೋಪಿನ ಗ್ರಾಹಕರ ತಂಡ ಸಂಜೆ ಏಳಕ್ಕೆ ದೀಪ ಆರಿಸಿ ಹೊರಟಿರುತ್ತದೆ. ಅದರ ಮೇಲಿನ ಮಹಡಿಯಲ್ಲಿ ಅಮೆರಿಕದ ಗ್ರಾಹಕರ ಸಪೋರ್ಟ್ ತಂಡ ಆಗಷ್ಟೇ ಕೆಲಸ ಶುರುಮಾಡಿರುತ್ತದೆ. ಇಬ್ಬರ ಕೊರಳಲ್ಲೂ ಅದೇ ಗುರುತಿನ ಚೀಟಿ.

ಸಂದರ್ಶನದ ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ’ ಎಂದು ಕೇಳುತ್ತಾರೆ. ಆಗ ‘ವರ್ಕ್ ಲೈಫ್ ಬ್ಯಾಲೆನ್ಸ್ ಹೇಗಿದೆ’ ಎಂದರೆ ಸಿಗುವುದು ಬಾಯಿಪಾಠದ ಉತ್ತರ. ಬದಲಿಗೆ ಹೀಗೆ ಕೇಳಿ: ದಿನದ ಕೊನೆಯ ನಿಗದಿತ ಮೀಟಿಂಗ್ ಎಷ್ಟು ಗಂಟೆಗೆ? ಆನ್‌ಕಾಲ್ ಸರದಿಯಲ್ಲಿ (ಕಚೇರಿ ಸಮಯದ ಹೊರಗೂ ತುರ್ತು ಕರೆಗೆ ಸಿದ್ಧರಿರುವ ಪಾಳಿ) ಎಷ್ಟು ಜನರಿದ್ದಾರೆ? ಸಾಫ್ಟ್‌ವೇರಿನ ಕಳೆದ ಬಿಡುಗಡೆ ವಾರದ ಯಾವ ದಿನ ಆಯಿತು? ಈ ಹುದ್ದೆ ಹೊಸದೋ, ಯಾರೋ ಬಿಟ್ಟು ಹೋದದ್ದೋ? ಆನ್‌ಕಾಲ್‌ಗೆ ಇಬ್ಬರೇ ಇದ್ದರೆ ತಿಂಗಳಲ್ಲಿ ಎರಡು ವಾರ ಫೋನ್ ತಲೆದಿಂಬಿನ ಪಕ್ಕದಲ್ಲೇ ಇರಬೇಕಾಗುತ್ತದೆ. ಐದಾರು ಜನರಿದ್ದರೆ ಸಹಿಸಬಹುದು.

ವರ್ಷಕ್ಕೆ 6 ಲಕ್ಷ ಎಂದರು, ಕೈಗೆ ಬಂದದ್ದು 37 ಸಾವಿರ. ಮೋಸವೇ?

ಮೋಸವಲ್ಲ. ಸಿಟಿಸಿ ಎಂದರೆ ಕಂಪೆನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ಅದನ್ನು 12ರಿಂದ ಭಾಗಿಸಿದರೆ ಸಂಬಳ ಬರುವುದಿಲ್ಲ. ಒಂದು ಮಾದರಿ ಲೆಕ್ಕ ನೋಡಿ. 6,00,000ದಲ್ಲಿ ಶೇ. 10 ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ), ಅಂದರೆ 60,000. ಇದು ತಿಂಗಳ ಸಂಬಳದಲ್ಲಿ ಬರದು, ಪೂರ್ತಿ ಬರುವ ಖಾತ್ರಿಯೂ ಇಲ್ಲ. ಬೇಸಿಕ್ (ಮೂಲ ವೇತನ) 3,00,000 ಎಂದಿಟ್ಟುಕೊಂಡರೆ ಕಂಪೆನಿಯ ಪಾಲಿನ ಪಿಎಫ್ ಶೇ. 12ರಂತೆ 36,000. ಗ್ರಾಚ್ಯುಟಿಗೆಂದು (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಮೊತ್ತ) ಬೇಸಿಕ್‌ನ ಶೇ. 4.81, ಸುಮಾರು 14,430. ವಿಮೆಗೆ 6,000 ಹೋಯಿತೆನ್ನಿ. ಉಳಿದ 1,83,570 ಮನೆ ಬಾಡಿಗೆ ಭತ್ಯೆ ಮತ್ತಿತರ ಭತ್ಯೆ. ಹಾಗಾದರೆ ತಿಂಗಳಿಗೆ 25,000 ಬೇಸಿಕ್, 15,297 ಭತ್ಯೆ. ಅದರಿಂದ ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಕಳೆದರೆ ಕೈಗೆ 37,097.

ಆಫರ್ ಲೆಟರ್ ಬಂದಾಗ ಕೊನೆಯ ಪುಟದ ಅನುಬಂಧವನ್ನು ಮೊದಲು ಓದಿ. ಎರಡು ಕಡೆ ಜನ ಎಡವುತ್ತಾರೆ. ಒಂದು, ಜಾಯಿನಿಂಗ್ ಬೋನಸ್ಸನ್ನು ಸಿಟಿಸಿಗೆ ಸೇರಿಸಿ ತೋರಿಸಿರುತ್ತಾರೆ; ಎರಡನೇ ವರ್ಷ ಅದು ಇರುವುದಿಲ್ಲ, ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತೂ ಇರುತ್ತದೆ. ಇನ್ನೊಂದು, ಗ್ರಾಚ್ಯುಟಿ. ಕಾಯಂ ನೌಕರರಿಗೆ ಅದು ಸಿಗುವುದು ಸಾಮಾನ್ಯವಾಗಿ 5 ವರ್ಷ ತುಂಬಿದ ಮೇಲೆ. ಕೊನೆಯ ಬೇಸಿಕ್ 25,000 ಇದ್ದರೆ ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 5ರಿಂದ ಗುಣಿಸಿದಾಗ ಸುಮಾರು 72,115 ರೂಪಾಯಿ. ಎರಡು ವರ್ಷಕ್ಕೇ ಬಿಡುವ ಯೋಚನೆ ಇದ್ದರೆ ಆ ಮೊತ್ತವನ್ನು ನಿಮ್ಮ ಲೆಕ್ಕದಿಂದ ತೆಗೆದುಬಿಡಿ.

ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ (ದಾಖಲೆಗಳ ಪರಿಶೀಲನೆ) ಯಾಕೆ ಸಿಕ್ಕಿಹಾಕಿಕೊಳ್ಳುತ್ತದೆ?

ನಮ್ಮ ಕಡೆಯವರಿಗೆ ಹೆಚ್ಚಾಗಿ ಹೆಸರಿನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಆಧಾರ್‌ನಲ್ಲಿ ಹೆಸರಿನ ಹಿಂದೆ ಶೆಟ್ಟಿ, ಪೂಜಾರಿ, ಡಿಸೋಜ ಅಥವಾ ಮನೆತನದ ಹೆಸರು, ಪ್ಯಾನ್‌ನಲ್ಲಿ ಇನ್ನೊಂದು ಬಗೆ. ಪಿಎಫ್‌ನ ಯುಎಎನ್ (ಖಾತೆ ಗುರುತಿನ ಸಂಖ್ಯೆ) ಆಧಾರ್‌ಗೆ ಜೋಡಣೆಯಾಗುವುದರಿಂದ ಮೊದಲು ಆಧಾರ್ ಮತ್ತು ಪ್ಯಾನ್ ಅಕ್ಷರ ಬಿಡದೆ ಒಂದೇ ಆಗುವಂತೆ ಮಾಡಿಸಿ. ಅಂಕಪಟ್ಟಿಯ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಒಂದು ಅಫಿಡವಿಟ್ ಸಾಕಾಗುತ್ತದೆ. ಈ ಕೆಲಸ ಸೇರುವ ದಿನಕ್ಕಿಂತ ಒಂದೆರಡು ತಿಂಗಳು ಮುಂಚೆಯೇ ಮುಗಿದಿರಲಿ.

ಟೈಮ್‌ಶೀಟ್ ತುಂಬಲಿಲ್ಲ ಎಂದು ಯಾಕೆ ಅಷ್ಟು ಗಲಾಟೆ? ಬೆಂಚ್ (ಪ್ರಾಜೆಕ್ಟ್ ಸಿಗದೆ ಕಾಯುವ ಅವಧಿ) ಎಂದರೆ ಹೆದರಬೇಕೇ?

ಸೇವಾ ಕಂಪೆನಿಯ ಆದಾಯದ ದೊಡ್ಡ ಪಾಲು ಬರುವುದು ನಿಮ್ಮ ಗಂಟೆಗಳನ್ನು ಗ್ರಾಹಕನಿಗೆ ಬಿಲ್ ಮಾಡುವುದರಿಂದ. ಟೈಮ್‌ಶೀಟ್ ಬಾರದಿದ್ದರೆ ಬಿಲ್ ಹೋಗುವುದಿಲ್ಲ, ಅದಕ್ಕೇ ಶುಕ್ರವಾರ ಸಂಜೆ ಸಾಲು ಸಾಲು ಮೇಲ್. ಇದನ್ನು ಅರಿತರೆ ಕಂಪೆನಿಯ ಅರ್ಧ ನಡವಳಿಕೆ ಅರ್ಥವಾಗುತ್ತದೆ: ಬಿಲ್ ಆಗುವವನನ್ನು ಪ್ರಾಜೆಕ್ಟಿನಿಂದ ಬಿಡಲು ಮ್ಯಾನೇಜರ್ ಒಪ್ಪುವುದಿಲ್ಲ, ಬಿಲ್ ಆಗದವನನ್ನು ಉಳಿಸಿಕೊಳ್ಳಲೂ ಒಪ್ಪುವುದಿಲ್ಲ. ಸ್ವಂತ ಉತ್ಪನ್ನ ಮಾಡುವ ಕಂಪೆನಿಯಲ್ಲಾಗಲೀ ವಿದೇಶಿ ಕಂಪೆನಿಯ ಸ್ವಂತ ಕೇಂದ್ರದಲ್ಲಾಗಲೀ ಈ ಒತ್ತಡ ಕಡಿಮೆ. ಅಲ್ಲಿ ಒತ್ತಡ ಬಿಡುಗಡೆಯ ದಿನಾಂಕದ್ದು.

ಟೈಮ್‌ಶೀಟಿನಲ್ಲಿ ಒಂದು ಕೆಟ್ಟ ರೂಢಿಯಿದೆ. ದಿನಕ್ಕೆ 11 ಗಂಟೆ ದುಡಿದು ‘8 ಎಂದೇ ಹಾಕು’ ಎಂಬ ಮಾತಿಗೆ ತಲೆಯಾಡಿಸುವುದು. ಹಾಗೆ ಹಾಕಿದರೆ ಆ ಕೆಲಸಕ್ಕೆ 8 ಗಂಟೆಯೇ ಸಾಕು ಎಂದು ದಾಖಲಾಗುತ್ತದೆ, ಮುಂದಿನ ಅಂದಾಜೂ ಅದರ ಮೇಲೇ ಕಟ್ಟುತ್ತದೆ, ಹೊಸಬರು ಬರುವುದಿಲ್ಲ. ದುಡಿದಷ್ಟನ್ನೇ ಹಾಕಿ. ತಿದ್ದಿಸಲೇಬೇಕೆಂದರೆ ‘ನೀವು ಹೇಳಿದಂತೆ 11ರ ಬದಲು 8 ಹಾಕಿದ್ದೇನೆ’ ಎಂದು ಅದೇ ದಿನ ಮೇಲ್ ಕಳಿಸಿ.

ಬೆಂಚ್ ಅಪರಾಧವಲ್ಲ, ಆದರೆ ಅಲ್ಲಿ ಕೂತು ಕಾಯುವುದು ಅಪಾಯ. ಮೊದಲ ವಾರದಲ್ಲೇ ರೆಸ್ಯೂಮೆ ಹೊಸದು ಮಾಡಿ ಆಂತರಿಕ ಪೋರ್ಟಲ್‌ಗೆ ಹಾಕಿ, ರಿಸೋರ್ಸ್ ತಂಡದವರಿಗೆ ವಾರಕ್ಕೊಮ್ಮೆ ಬರೆಯಿರಿ, ಯಾವ ಸಂದರ್ಶನ ಕೊಟ್ಟಿರಿ ಎಂಬ ಪಟ್ಟಿ ಇಡಿ. ‘ಪ್ರಯತ್ನವೇ ಮಾಡಲಿಲ್ಲ’ ಎಂಬ ಮಾತು ಬಂದಾಗ ಆ ಪಟ್ಟಿಯೇ ನಿಮ್ಮ ಪರ ನಿಲ್ಲುವುದು.

ರಾತ್ರಿ ಕಾಲ್‌ಗಳಿಗೆ ಮಿತಿ ಇದೆಯೇ?

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಸಾಮಾನ್ಯ ಕೆಲಸ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚಿಗೆ ದುಡಿಸಿದರೆ ದುಪ್ಪಟ್ಟು ದರ. ಮ್ಯಾನೇಜ್‌ಮೆಂಟ್ ಹುದ್ದೆಯವರಿಗೆ ಇದು ಅನ್ವಯಿಸದು, ಅದಕ್ಕೇ ಮೂರು ವರ್ಷದ ಅನುಭವಕ್ಕೇ ‘ಲೀಡ್’ ಎಂಬ ಹೆಸರು ಸಿಕ್ಕಿದರೆ ಕೆಲಸದ ವಿವರವನ್ನೂ ಓದಿಕೊಳ್ಳಿ.

ದಿನನಿತ್ಯದ ಮಟ್ಟಿಗೆ ಕಾನೂನಿಗಿಂತ ಗಡಿಯಾರ ಮುಖ್ಯ. ನ್ಯೂಯಾರ್ಕಿನ ಬೆಳಗ್ಗೆ 9 ಎಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ಅವರು ಗಡಿಯಾರ ಬದಲಿಸುವುದು ಮಾರ್ಚ್‌ನ ಎರಡನೇ ಮತ್ತು ನವೆಂಬರ್‌ನ ಮೊದಲ ಭಾನುವಾರ. ಯುರೋಪಿನವರದ್ದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಕೋಪನ್‌ಹೇಗನ್ನಿನ 9 ಗಂಟೆ ನಮಗೆ ಬೇಸಿಗೆಯಲ್ಲಿ 12.30, ಚಳಿಗಾಲದಲ್ಲಿ 1.30. ಈ ನಡುವಿನ ವಾರಗಳಲ್ಲೇ (ಮಾರ್ಚಿನಲ್ಲಿ ಎರಡು ಮೂರು, ಅಕ್ಟೋಬರ್ ಕೊನೆಗೆ ಒಂದು) ಮೀಟಿಂಗುಗಳು ಒಂದರ ಮೇಲೊಂದು ಬಂದು ಬೀಳುವುದು. ನವೆಂಬರ್ ಬರುವ ಮೊದಲೇ ಗ್ರಾಹಕರೊಂದಿಗೆ ಮಾತಾಡಿ, ಖಾಯಂ ಮೀಟಿಂಗನ್ನು ಅವರ 8.30ಕ್ಕೆ ಎಳೆದುಕೊಳ್ಳಿ, ನಿಮ್ಮ ರಾತ್ರಿಯ ಊಟ ಅರ್ಧ ಗಂಟೆಯಾದರೂ ಉಳಿಯುತ್ತದೆ.

ರಾತ್ರಿ ಕಾಲ್ ಇರುವ ದಿನ ಬೆಳಗ್ಗೆ ತಡವಾಗಿ ಬರುವ ಒಪ್ಪಂದ ಮಾಡಿಕೊಳ್ಳಿ. ಬಾಯಿಮಾತಿನಲ್ಲಿ ಅಲ್ಲ, ಕ್ಯಾಲೆಂಡರಿನಲ್ಲಿ. ಬೆಳಗ್ಗೆ 9ರಿಂದ 11 ‘ಲಭ್ಯವಿಲ್ಲ’ ಎಂದು ತಡೆಹಿಡಿದು ಮ್ಯಾನೇಜರನ್ನೂ ಅದರಲ್ಲಿ ಸೇರಿಸಿ.

ಮಂಗಳೂರಿನ ಕಚೇರಿಯಲ್ಲಿ ತುಳು ಬಾರದಿದ್ದರೆ ಕಷ್ಟವೇ?

ಮೀಟಿಂಗ್, ಮೇಲ್ ಎಲ್ಲ ಇಂಗ್ಲಿಷಿನಲ್ಲಿ. ಊಟದ ಮೇಜಿನಲ್ಲಿ ಮಾತ್ರ ತುಳು, ಕೊಂಕಣಿ, ಬ್ಯಾರಿ, ಕಾಸರಗೋಡಿನಿಂದ ಬರುವವರ ಮಲಯಾಳ, ಘಟ್ಟದ ಮೇಲಿನವರ ಕನ್ನಡ ಎಲ್ಲ ಕೇಳಿಸುತ್ತದೆ. ಈ ಆತ್ಮೀಯತೆಯೇ ಇಲ್ಲಿನ ಕಚೇರಿಗಳ ದೊಡ್ಡ ಬಲ. ಪಕ್ಕದ ತಂಡದವರು ಕಾಲೇಜಿನಲ್ಲಿ ಸೀನಿಯರ್ ಆಗಿರುತ್ತಾರೆ, ಟೆಸ್ಟಿಂಗ್‌ನವರು ನೆರೆಮನೆಯವರಾಗಿರುತ್ತಾರೆ. ಸಹಾಯ ಕೇಳಲು ಸಂಕೋಚವಿಲ್ಲ, ಹೊಸಬರು ಬೇಗ ಕಲಿಯುತ್ತಾರೆ.

ತೊಂದರೆಯೂ ಇದರ ಬೆನ್ನಿಗೇ ಇದೆ. ನಾಲ್ವರು ಚಹಾಕ್ಕೆ ಹೋಗಿ ತುಳುವಿನಲ್ಲಿ ‘ಆ ಮಾಡ್ಯೂಲ್ ನಾಳೆ ಬೇಡ, ಸೋಮವಾರ ಹಾಕುವಾ’ ಎಂದು ತೀರ್ಮಾನಿಸಿರುತ್ತಾರೆ. ಭುವನೇಶ್ವರದಿಂದ ಬಂದ ಐದನೆಯವರು ರಾತ್ರಿ ಕೂತು ಅದೇ ಮಾಡ್ಯೂಲ್ ಮುಗಿಸಿರುತ್ತಾರೆ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ, ಆದರೆ ಆ ವ್ಯಕ್ತಿ ತಂಡದಿಂದ ಹೊರಗೆ ಬಿದ್ದಾಗಿರುತ್ತದೆ. ಹರಟೆ ಯಾವ ಭಾಷೆಯಲ್ಲಾದರೂ ಇರಲಿ. ಕೆಲಸದ ತೀರ್ಮಾನ ಆಯಿತೆಂದರೆ ಮೇಜಿಗೆ ಮರಳಿದ ಕೂಡಲೇ ಎರಡು ಸಾಲು ತಂಡದ ಚಾಟ್‌ಗೆ ಹಾಕಿ. ಇಷ್ಟು ಮಾಡುವ ತಂಡದಲ್ಲಿ ಹೊರಗಿನವರು ವರ್ಷಗಟ್ಟಲೆ ಉಳಿಯುತ್ತಾರೆ.

ಪರಿಚಯದ ಇನ್ನೊಂದು ಮುಖ: ಮ್ಯಾನೇಜರ್ ನಿಮ್ಮ ಮಾವನಿಗೆ ಗೊತ್ತಿದ್ದವರು ಎಂದಾದರೆ ಸಂಬಳ, ರಜೆ, ದೂರು ಯಾವುದನ್ನೂ ಮದುವೆ ಮನೆಯಲ್ಲಿ ಮಾತಾಡಬೇಡಿ.

ಊರಿನ ನೇಮ (ದೈವದ ಸೇವೆ), ಪರ್ಯಾಯ, ಅಷ್ಟಮಿಗೆ ರಜೆ ಸಿಗುತ್ತದೆಯೇ?

ಕಂಪೆನಿಯ ಪಟ್ಟಿಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಹಬ್ಬದ ರಜೆಗಳು ಇವುಗಳ ಜೊತೆಗೆ. ಆ ಹಬ್ಬಗಳ ಆಯ್ಕೆ ಹೆಚ್ಚಾಗಿ ಬೆಂಗಳೂರಿನ ಕಚೇರಿಗೆ ಹೊಂದುವಂತಿರುತ್ತದೆ. ಉಡುಪಿಯಲ್ಲಿ ಅಷ್ಟಮಿಯ ಮರುದಿನದ ವಿಟ್ಲಪಿಂಡಿಯಾಗಲೀ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವ, ಕೃಷ್ಣ ಮಠದ ಪೂಜಾಧಿಕಾರ ಕೈ ಬದಲಾಗುವ ಪರ್ಯಾಯವಾಗಲೀ ಅದರಲ್ಲಿ ಇರುವುದು ಅಪರೂಪ. ಐಚ್ಛಿಕ ರಜೆ ಇದ್ದರೆ ಅದನ್ನು ಇಂಥವಕ್ಕೆಂದೇ ಉಳಿಸಿಕೊಳ್ಳಿ.

ಕುಟುಂಬದ ನೇಮದ ದಿನ ಗೊತ್ತಾದ ಕೂಡಲೇ ಸಿಸ್ಟಮ್‌ನಲ್ಲಿ ರಜೆ ಹಾಕಿ. ಮಾರನೆಯ ದಿನಕ್ಕೂ ಹಾಕಿ. ಇಡೀ ರಾತ್ರಿ ನಿದ್ದೆಗೆಟ್ಟು ಬೆಳಗ್ಗೆ ಗ್ರಾಹಕರು ಬಳಸುತ್ತಿರುವ ಪ್ರೊಡಕ್ಷನ್ ಸರ್ವರ್ ಮುಟ್ಟುವುದು ಯಾರಿಗೂ ಕ್ಷೇಮವಲ್ಲ. ಹೊರ ರಾಜ್ಯದ ಮ್ಯಾನೇಜರಿಗೆ ‘ಫಂಕ್ಷನ್’ ಎಂದಷ್ಟೇ ಬರೆದರೆ ಮುಂದೂಡಬಹುದಾದ ಕಾರ್ಯಕ್ರಮ ಎಂದುಕೊಳ್ಳುತ್ತಾರೆ. ಇದು ಕುಟುಂಬದ ದೈವದ ವಾರ್ಷಿಕ ಸೇವೆ, ದಿನ ಬದಲಾಯಿಸಲಾಗದು ಎಂದು ಸ್ಪಷ್ಟವಾಗಿ ಬರೆಯಿರಿ.

ಮೇಲೆ ಹೇಳಿದ 1961ರ ಕಾಯ್ದೆಯಂತೆ ಗಳಿಕೆ ರಜೆ ದುಡಿದ ಪ್ರತಿ 20 ದಿನಕ್ಕೆ 1. ಅನಾರೋಗ್ಯದ ರಜೆ ವರ್ಷಕ್ಕೆ 12.

ಜುಲೈ ಮಳೆಗೆ ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ನಮಗೂ ರಜೆಯೇ?

ಅಲ್ಲ. ಆ ಆದೇಶ ಅಂಗನವಾಡಿ, ಶಾಲೆ, ಕಾಲೇಜುಗಳಿಗೆ. ಕಂಪೆನಿ ಮನೆಯಿಂದ ಕೆಲಸಕ್ಕೆ ಅವಕಾಶ ಕೊಡಬಹುದು, ಅದನ್ನು ಕೇಳಿ ಪಡೆಯಬೇಕು.

ಮನೆಯಿಂದ ಕೆಲಸ ಎಂದರೆ ಕರೆಂಟಿನದ್ದೇ ಚಿಂತೆ. ಲ್ಯಾಪ್‌ಟಾಪ್ ಬ್ಯಾಟರಿ ಇದ್ದರೂ ರೂಟರ್ ಸತ್ತರೆ ಕೆಲಸ ನಿಂತಿತು. ರೂಟರ್ ಮತ್ತು ಫೈಬರಿನ ಪೆಟ್ಟಿಗೆ ಎರಡಕ್ಕೂ ಸೇರಿ 12 ವೋಲ್ಟಿನ ಒಂದು ಮಿನಿ ಯುಪಿಎಸ್ ಇಟ್ಟರೆ ಕೆಲವು ಗಂಟೆ ಕಳೆಯುತ್ತದೆ; ಕೊಳ್ಳುವ ಮೊದಲು ಎರಡರ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿ. ಮೊಬೈಲ್ ಹಾಟ್‌ಸ್ಪಾಟ್ ಮನೆಯ ಇಂಟರ್ನೆಟ್ ಕೊಡುವ ಕಂಪೆನಿಯದ್ದೇ ಆಗದಿರಲಿ, ಕೇಬಲ್ ತುಂಡಾದರೆ ಎರಡೂ ಒಟ್ಟಿಗೆ ಹೋಗುತ್ತವೆ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಗುಡುಗಿಗೆ ಫೈಬರ್ ತಂತಿ ಹೆದರುವುದಿಲ್ಲ, ಆದರೆ ಗೋಡೆಯ ಪ್ಲಗ್ಗಿನಿಂದ ಸಿಡಿಲಿನ ಏಟು ಅಡಾಪ್ಟರಿಗೆ ಬರುತ್ತದೆ. ಗುಡುಗು ಕೇಳಿದೊಡನೆ ಪ್ಲಗ್ ತೆಗೆಯಿರಿ. ಕಂಪೆನಿಯ ಲ್ಯಾಪ್‌ಟಾಪ್ ಸುಟ್ಟರೆ ಉತ್ತರ ಹೇಳಬೇಕಾದವರು ನೀವೇ.

ಉಡುಪಿಯಿಂದ ದಿನಾ ಹೋಗಿ ಬರಬಹುದೇ?

ಕಚೇರಿ ಎಲ್ಲಿದೆ ನೋಡಿ. ಕೊಟ್ಟಾರದಂತೆ ನಗರದ ಉತ್ತರ ಬದಿಯಲ್ಲಿದ್ದರೆ ಹೆದ್ದಾರಿ 66ರಲ್ಲಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸಾಧ್ಯ, ಬಹಳ ಜನ ಮಾಡುತ್ತಾರೆ. ಇನ್ಫೋಸಿಸ್‌ನ ಕ್ಯಾಂಪಸ್ ಇರುವ ಮುಡಿಪಿಗಾದರೆ ನಂತೂರು, ಪಂಪ್‌ವೆಲ್, ತೊಕ್ಕೊಟ್ಟು ಎಲ್ಲ ದಾಟಿ ಹೋಗಬೇಕು. ದಿನಾ ನಾಲ್ಕು ಗಂಟೆ ದಾರಿಯಲ್ಲೇ ಕಳೆದರೆ ಆರು ತಿಂಗಳಲ್ಲಿ ಮೈ ಸೋಲುತ್ತದೆ. ದೇರಳಕಟ್ಟೆ–ಕೊಣಾಜೆ ಕಡೆ ರೂಮು ಮಾಡಿ ವಾರಾಂತ್ಯಕ್ಕೆ ಊರಿಗೆ ಬರುವುದು ಒಳ್ಳೆಯದು. ಉಡುಪಿ ಬಿಡಲು ಮನಸ್ಸಿಲ್ಲದವರು 1996ರಿಂದ ಅಲ್ಲೇ ಇರುವ ರೋಬೋಸಾಫ್ಟ್‌ನಂಥವನ್ನೂ ಮಣಿಪಾಲದ ಕಂಪೆನಿಗಳನ್ನೂ ಮೊದಲು ನೋಡಲಿ.

ಅಪ್ರೈಸಲ್‌ನಲ್ಲಿ ಚೆನ್ನಾಗಿ ದುಡಿದವರಿಗೂ ನಡುವಿನ ರೇಟಿಂಗ್ ಯಾಕೆ?

ಎಷ್ಟೋ ಕಂಪೆನಿಗಳಲ್ಲಿ ಮೇಲಿನ ರೇಟಿಂಗಿಗೆ ಜಾಗ ಮೊದಲೇ ನಿಗದಿ. ನಿಮ್ಮ ಮ್ಯಾನೇಜರ್ ಕೊಟ್ಟ ಅಂಕ ಕೊನೆಯದಲ್ಲ; ಹಲವು ಮ್ಯಾನೇಜರುಗಳು ಒಟ್ಟಿಗೆ ಕೂತು ಹೆಸರುಗಳನ್ನು ಹೋಲಿಸುತ್ತಾರೆ, ಅಲ್ಲಿ ನೀವು ಇರುವುದಿಲ್ಲ. ನಿಮ್ಮ ಪರವಾಗಿ ಒಂದು ನಿಮಿಷದಲ್ಲಿ ಹೇಳಬಹುದಾದ ಸಂಗತಿ ಮ್ಯಾನೇಜರ ಕೈಯಲ್ಲಿ ಇದ್ದರೆ ಗೆದ್ದಿರಿ.

ಅದನ್ನು ಒದಗಿಸುವುದು ನಿಮ್ಮ ಕೆಲಸ. ಪ್ರತಿ ಶುಕ್ರವಾರ ಹತ್ತು ನಿಮಿಷ ಕೊಟ್ಟು ಒಂದು ಕಡತದಲ್ಲಿ ದಿನಾಂಕ, ಟಿಕೆಟ್ ಸಂಖ್ಯೆ, ಏನು ಮಾಡಿದಿರಿ, ಅದರಿಂದ ಏನು ಬದಲಾಯಿತು ಎಂದು ಬರೆಯಿರಿ. ‘ಪರ್ಫಾರ್ಮೆನ್ಸ್ ಸುಧಾರಿಸಿದೆ’ ಎಂದು ಬರೆದರೆ ಯಾರ ತಲೆಯಲ್ಲೂ ನಿಲ್ಲದು. ‘ರಾತ್ರಿಯ ವರದಿ 40 ನಿಮಿಷದಿಂದ 6 ನಿಮಿಷಕ್ಕೆ ಇಳಿಯಿತು, ಬೆಳಗಿನ ದೂರುಗಳು ನಿಂತವು’ ಎಂದರೆ ನಿಲ್ಲುತ್ತದೆ. ಗ್ರಾಹಕರು ಕರೆಯಲ್ಲಿ ಹೊಗಳಿದರೆ ‘ಅದನ್ನೇ ಎರಡು ಸಾಲು ಮೇಲ್ ಮಾಡುವಿರಾ’ ಎಂದು ಕೇಳಲು ನಾಚಬೇಡಿ. ಕರಾವಳಿಯ ಹುಡುಗ ಹುಡುಗಿಯರು ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ, ತಮ್ಮ ಕೆಲಸವನ್ನು ತಾವೇ ಹೇಳಿಕೊಳ್ಳುವುದರಲ್ಲಿ ಹಿಂದೆ ಉಳಿಯುತ್ತಾರೆ. ಇದು ನಮಗೆ ನಿಜವಾಗಿ ಬೇಸರದ ವಿಷಯ.

ವರ್ಷದ ನಡುವೆ ಒಮ್ಮೆ ‘ಈಗಲೇ ರೇಟಿಂಗ್ ಕೊಡುವುದಾದರೆ ಏನು ಕೊಡುತ್ತೀರಿ’ ಎಂದು ಕೇಳಿ. ಕೊನೆಯ ತಿಂಗಳಲ್ಲಿ ಕೇಳಿದರೆ ಅಷ್ಟೊತ್ತಿಗೆ ಪಟ್ಟಿ ಹೋಗಿರುತ್ತದೆ.

ಮ್ಯಾನೇಜರ್ ಎಲ್ಲರ ಮುಂದೆ ಬೈಯುತ್ತಾರೆ, ರಜೆ ಕೊಡುವುದಿಲ್ಲ. ಎಚ್‌ಆರ್‌ಗೆ ಹೇಳಬೇಕೇ?

ಎಚ್‌ಆರ್ ಕಂಪೆನಿಯ ವಿಭಾಗ, ನಿಮ್ಮ ವಕೀಲರಲ್ಲ. ಹಾಗೆಂದು ಹೋಗಬಾರದೆಂದಲ್ಲ, ಬರಿಗೈಯಲ್ಲಿ ಹೋಗಬಾರದು. ಘಟನೆ ನಡೆದ ದಿನವೇ ದಿನಾಂಕ, ಸಮಯ, ಹೇಳಿದ ಮಾತು, ಎದುರಿಗಿದ್ದವರು ಯಾರು ಎಂದು ಬರೆದಿಡಿ. ‘ಅವರು ಸರಿಯಿಲ್ಲ’ ಎಂಬ ದೂರಿಗೆ ಉತ್ತರ ಸಿಗದು. ‘ಎರಡು ತಿಂಗಳಲ್ಲಿ ನಾಲ್ಕು ಸಲ ಕೇಳಿದ ರಜೆ ಕಾರಣ ಕೊಡದೆ ತಿರಸ್ಕೃತವಾಗಿದೆ’ ಎಂಬುದಕ್ಕೆ ಉತ್ತರ ಕೊಡಲೇಬೇಕು. ಮೊದಲು ಮ್ಯಾನೇಜರರ ಮೇಲಿನವರಿಗೆ, ಆಮೇಲೆ ಎಚ್‌ಆರ್‌ಗೆ, ಆಮೇಲೆ ಕುಂದುಕೊರತೆ ಸಮಿತಿಗೆ.

ಆ ಸಮಿತಿ ಕಂಪೆನಿಯ ಔದಾರ್ಯವಲ್ಲ. ನೌಕರಿಯ ಷರತ್ತುಗಳನ್ನು ಬರಹದಲ್ಲಿ ನಿಗದಿಪಡಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕ್ಷೇತ್ರಕ್ಕೆ ಕೊಟ್ಟ ವಿನಾಯಿತಿಯನ್ನು 2024ರಲ್ಲಿ ರಾಜ್ಯ ಸರ್ಕಾರ ಐದು ವರ್ಷಕ್ಕೆ ಮುಂದುವರಿಸಿದಾಗ ಹಾಕಿದ ಷರತ್ತುಗಳಲ್ಲಿ ಅದೂ ಒಂದು. ವಜಾ, ಅಮಾನತಿನಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬುದು ಇನ್ನೊಂದು. ಐಟಿ ನೌಕರರ ಸಂಘ ಕೆಐಟಿಯು 2017ರಿಂದ ರಾಜ್ಯದಲ್ಲಿದೆ.

ಬಲವಂತವಾಗಿ ರಾಜೀನಾಮೆ ಬರೆಸಲು ಕೂರಿಸಿದರೆ ಅಲ್ಲೇ ಸಹಿ ಹಾಕಬೇಡಿ. ‘ಓದಿ ನಾಳೆ ಉತ್ತರಿಸುತ್ತೇನೆ’ ಎಂದು ಎದ್ದು ಬನ್ನಿ, ನಡೆದದ್ದನ್ನು ಆ ರಾತ್ರಿಯೇ ಮೇಲ್ ಮಾಡಿ.

ಲೈಂಗಿಕ ಕಿರುಕುಳದ ದೂರು ಎಲ್ಲಿಗೆ?

2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನರಿರುವ ಪ್ರತಿ ಕಚೇರಿಗೂ ಆಂತರಿಕ ಸಮಿತಿ ಇರಬೇಕು. ಬೆಂಗಳೂರಿನಲ್ಲಿದೆ, ಅದೇ ಸಾಕು ಎನ್ನುವಂತಿಲ್ಲ. ಮಂಗಳೂರಿನ ಶಾಖೆಗೆ ಬೇರೆಯೇ ಬೇಕು. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು. ದೂರು ಘಟನೆಯ 3 ತಿಂಗಳೊಳಗೆ ಲಿಖಿತವಾಗಿ; ಕಾರಣವಿದ್ದರೆ ಇನ್ನೂ 3 ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರವರೆಗೆ ವರ್ಗಾವಣೆ ಅಥವಾ 3 ತಿಂಗಳವರೆಗಿನ ರಜೆ ಕೇಳುವ ಹಕ್ಕು ದೂರುದಾರರಿಗಿದೆ. ಕ್ಲೈಂಟ್ ಭೇಟಿ, ಆಫೀಸ್ ಕ್ಯಾಬ್, ತಂಡದ ಪ್ರವಾಸ ಕೂಡ ಕೆಲಸದ ಸ್ಥಳವೇ. ಚಾಟ್‌ನ ಸಂದೇಶಗಳನ್ನು ಅಳಿಸಬೇಡಿ.

ಹೆರಿಗೆ ರಜೆ, ರಾತ್ರಿ ಪಾಳಿ?

ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು. 50 ಅಥವಾ ಹೆಚ್ಚು ಜನರಿದ್ದರೆ ಶಿಶುಪಾಲನಾ ಕೇಂದ್ರ ಕಡ್ಡಾಯ. ರಾತ್ರಿ ಪಾಳಿಗೆ ಮಹಿಳೆಯರ ಒಪ್ಪಿಗೆ ಬೇಕು, ವಾಹನ ಮತ್ತು ಭದ್ರತೆ ಕಂಪೆನಿಯ ಹೊಣೆ.

ಬೆಂಗಳೂರಿನಿಂದ ಮಂಗಳೂರಿಗೆ ವರ್ಗ ಸಿಗಲು ಏನು ಮಾಡಬೇಕು?

ಭಾವನಾತ್ಮಕ ಮೇಲ್ ಕೆಲಸ ಮಾಡುವುದಿಲ್ಲ. ಮಂಗಳೂರಿನಲ್ಲಿ ಯಾವ ಪ್ರಾಜೆಕ್ಟುಗಳಿವೆ, ಅವಕ್ಕೆ ಯಾವ ಕೌಶಲ ಬೇಕು ಎಂದು ಮೊದಲು ಪಟ್ಟಿ ಮಾಡಿ. ಅಲ್ಲಿನ ಮ್ಯಾನೇಜರ್ ‘ಇವರು ನಮಗೆ ಬೇಕು’ ಎಂದು ಕೇಳಿದರೆ ಅರ್ಧ ದಾರಿ ಮುಗಿಯಿತು. ಗ್ರಾಹಕರ ಭದ್ರತಾ ಕೊಠಡಿಯೊಳಗೇ ಮಾಡಬೇಕಾದ ಕೆಲಸವಾದರೆ ಆ ಕೊಠಡಿ ಇಲ್ಲದ ಊರಿಗೆ ಕಳಿಸಲಾರರು; ಅಂಥ ಪ್ರಾಜೆಕ್ಟಿನಿಂದ ಹೊರಬರುವುದು ಮೊದಲ ಹೆಜ್ಜೆ. ಕೇಳಲು ಸರಿಯಾದ ಹೊತ್ತು ಒಂದು ಪ್ರಾಜೆಕ್ಟ್ ಮುಗಿಯುವ ಒಂದೆರಡು ತಿಂಗಳ ಮೊದಲು.

ಒಪ್ಪಿಗೆ ಬಂದರೆ ‘ಬೇಸ್ ಲೊಕೇಶನ್’ ಬದಲಾದ ಪತ್ರ ಪಡೆಯಿರಿ. ‘ಸದ್ಯಕ್ಕೆ ಅಲ್ಲಿಂದ ಕೆಲಸ ಮಾಡಿ’ ಎಂಬ ಚಾಟ್ ನಂಬಿ ಬೆಂಗಳೂರಿನ ಮನೆ ಖಾಲಿ ಮಾಡಿದವರಿಗೆ ಮೂರು ತಿಂಗಳಲ್ಲಿ ವಾಪಸ್ ಕರೆ ಬಂದ ಉದಾಹರಣೆಗಳು ಬೇಕಾದಷ್ಟಿವೆ. ಸಂಬಳ ಕಡಿಮೆಯಾಗುತ್ತದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಂಗಳೂರಿನ ಬಾಡಿಗೆ ವಿನಾಯಿತಿಯ ಮಿತಿ ಬೇಸಿಕ್ ಸಂಬಳದ ಶೇ. 40, ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ.

ಕಂಪೆನಿಯ ಕೋಡನ್ನು ಮನೆಗೆ ಕಳಿಸಿಕೊಳ್ಳಬಹುದೇ? ಎಐ ಟೂಲ್‌ಗೆ ಹಾಕಬಹುದೇ?

ಸ್ವಂತ ಮೇಲ್‌ಗೆ, ಪೆನ್‌ಡ್ರೈವ್‌ಗೆ ಒಂದು ಸಾಲೂ ಬೇಡ. ಕಂಪೆನಿ ಅನುಮತಿಸಿದ ಟೂಲ್ ಬಿಟ್ಟು ಬೇರೆಯದಕ್ಕೆ ಗ್ರಾಹಕರ ಕೋಡ್ ಅಂಟಿಸಿದರೂ ಕೆಲಸ ಹೋಗುತ್ತದೆ. ಇದರಲ್ಲಿ ಯಾವ ಮ್ಯಾನೇಜರೂ ನಿಮ್ಮನ್ನು ಕಾಪಾಡಲಾರರು.

ಬಿಡುವಾಗ ಏನೇನು ನೋಡಿಕೊಳ್ಳಬೇಕು?

ನೋಟಿಸ್ ಅವಧಿ 60 ಅಥವಾ 90 ದಿನ ಇರುವುದು ಸಾಮಾನ್ಯ. ರಾಜೀನಾಮೆಯನ್ನು ಪೋರ್ಟಲ್‌ನಲ್ಲಿ ಹಾಕಿ, ಮೇಲ್ ಕೂಡ ಮಾಡಿ. ಕೊನೆಯ ದಿನಾಂಕ ಬರಹದಲ್ಲಿ ಬರಲಿ. ಹೊಸ ಕಂಪೆನಿಗೆ ದಿನಾಂಕ ಕೊಡುವುದು ಅದಾದ ಮೇಲೆ.

ಮೇಲ್ ಖಾತೆ ಮುಚ್ಚುವ ಮೊದಲು ಎಲ್ಲ ಸಂಬಳ ಚೀಟಿ, ಫಾರ್ಮ್ 16 (ತೆರಿಗೆ ಕಡಿತದ ಪತ್ರ), ಅಪ್ರೈಸಲ್ ಪತ್ರಗಳನ್ನು ನಿಯಮದೊಳಗೆ ಇಳಿಸಿಕೊಳ್ಳಿ. ಲ್ಯಾಪ್‌ಟಾಪ್, ಚಾರ್ಜರ್, ಗುರುತಿನ ಚೀಟಿ ಮರಳಿಸಿದ್ದಕ್ಕೆ ರಸೀದಿ ಪಡೆಯಿರಿ. ಕೊರಿಯರ್ ಮಾಡುವುದಾದರೆ ಸೀರಿಯಲ್ ಸಂಖ್ಯೆ ಕಾಣುವಂತೆ ಫೋಟೋ ತೆಗೆಯಿರಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ ಬಾಕಿ ವೇತನ 2 ಕೆಲಸದ ದಿನಗಳೊಳಗೆ ಕೊಡಬೇಕು. ‘45 ದಿನ ಆಗುತ್ತದೆ’ ಎಂಬ ಹಳೆಯ ಉತ್ತರ ಬಂದರೆ ಇದನ್ನು ಉಲ್ಲೇಖಿಸಿ ಬರೆಯಿರಿ.

ಪಿಎಫ್ ಹಣ ತೆಗೆಯಬೇಡಿ, ಹೊಸ ಖಾತೆಗೆ ವರ್ಗಾಯಿಸಿ. ಹಳೆಯ ಕಂಪೆನಿ ನಿಮ್ಮ ನಿರ್ಗಮನದ ದಿನಾಂಕ ದಾಖಲಿಸದಿದ್ದರೆ ವರ್ಗಾವಣೆ ನಡೆಯುವುದಿಲ್ಲ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲ್‌ನಲ್ಲಿ ಆಧಾರ್ ಓಟಿಪಿ ಬಳಸಿ ಆ ದಿನಾಂಕವನ್ನು ನೀವೇ ನಮೂದಿಸಬಹುದು. ಒಮ್ಮೆ ಹಾಕಿದ ದಿನಾಂಕ ಸುಲಭದಲ್ಲಿ ಬದಲಾಗದು, ಆದ್ದರಿಂದ ರಿಲೀವಿಂಗ್ ಲೆಟರ್ ಪಕ್ಕದಲ್ಲಿಟ್ಟುಕೊಂಡು ನೋಡಿ ಹಾಕಿ.